ಸತ್ತವರ ವಯಸ್ಸು ಕೇಳುವ ಪ್ರೇಮಾಬಾಯಿ

ಪ್ರೇಮಾಬಾಯಿ ಮನುಷ್ಯರ ಮುಖ ನೋಡುವುದಿಲ್ಲ. ಗಂಡಸಾದರೆ ಸೊಂಟದ ಬೆಲ್ಟು ನೋಡುತ್ತಾಳೆ, ಹೆಂಗಸಾದರೆ ಕೈಬಳೆ ಮೊಣಕೈಯತ್ತ ಎಷ್ಟು ದೂರ ಜಾರುತ್ತದೆಂದು ನೋಡುತ್ತಾಳೆ. ಬೆಲ್ಟಿಗೆ ಅಂಗಡಿಯವನು ಹೊಡೆದುಕೊಟ್ಟ ತೂತು ಐದು. ಆರನೆಯದು ಇದ್ದರೆ ಅದು ಮನೆಯಲ್ಲಿ ಮೊಳೆ ಕಾಯಿಸಿ ಹೊಡೆದದ್ದು, ಅದರ ಅಂಚು ಸುಟ್ಟು ಕರಕಾಗಿರುತ್ತದೆ. ಆ ಆರನೆಯ ತೂತಿನ ಮೇಲೆ ಆಕೆಯ ಕಣ್ಣು ನಿಂತಿತೆಂದರೆ ಎದುರಿಗಿದ್ದವನ ಬೆನ್ನಹುರಿಯಲ್ಲಿ ತಣ್ಣೀರು ಇಳಿಯುತ್ತದೆ. ಹಾಗೆ ಆಕೆ ನೋಡಿದ ಮೂವರು ವರ್ಷ ತಿರುಗುವುದರೊಳಗೆ ಮಣ್ಣು ಸೇರಿದ್ದನ್ನು ನಮ್ಮ ಓಣಿ ಕಂಡಿದೆ. ಆಕೆ ನೋಡಿದ್ದರಿಂದ ಅವರು ಸತ್ತರು ಎನ್ನುವವರೇ ಬಹಳ. ಸಾವು ಮೊದಲೇ ಒಳಗೆ ಬಂದು ಕೂತಿತ್ತು, ಆಕೆಗೆ ಅದು ಕಂಡಿತು ಎಂದು ಯೋಚಿಸುವಷ್ಟು ತಾಳ್ಮೆ ಯಾರಿಗೂ ಇಲ್ಲ.

ಆಕೆ ಆರೋಗ್ಯ ವಿಮೆಯ ಏಜೆಂಟು. ಬೀದರ ಜಿಲ್ಲೆಯ ಭಾಲ್ಕಿ ಕಡೆಯ ಹೆಣ್ಣುಮಗಳು, ಮದುವೆಯಾಗಿ ಮರಾಠಿ ನಾಡಿನ ಛತ್ರಪತಿ ಸಂಭಾಜಿನಗರಕ್ಕೆ ಬಂದವಳು. ಗಂಡ ತೀರಿಕೊಂಡ ಮೇಲೆ ಅವನ ಕಂದು ಕೋಟನ್ನು ಸೀರೆಯ ಮೇಲೆ ತೊಟ್ಟು ಬೀದಿಗಿಳಿದಳು. ಹದಿನಾಲ್ಕು ವರ್ಷ ದಾಟಿತು, ವೈಶಾಖದ ಬಿಸಿಲಿನಲ್ಲೂ ಅದನ್ನು ಕಳಚಿದ್ದನ್ನು ನಾನು ಕಂಡಿಲ್ಲ. ಅದರ ಜೇಬುಗಳು ಅರ್ಜಿ ನಮೂನೆಗಳಿಂದ ಉಬ್ಬಿ ಜೋತುಬಿದ್ದು, ನಡೆಯುವಾಗ ಎಡ ಭುಜ ಬಲ ಭುಜಕ್ಕಿಂತ ಒಂದು ಬೆರಳು ಕೆಳಗಿರುತ್ತದೆ. ಕಾಲಿಗೆ ಬಟ್ಟೆಯ ಬೂಟು, ಹೆಜ್ಜೆಯ ಸಪ್ಪಳವಿಲ್ಲ. ಆಕೆ ಬಾಗಿಲಲ್ಲಿ ನಿಂತಿದ್ದಾಳೆಂಬುದು ಒಳಗಿನವರಿಗೆ ತಿಳಿಯುವುದು ಮನೆಯ ಬೆಳಕು ಒಮ್ಮೆಗೇ ಕಡಿಮೆಯಾದಾಗ.

ಬೇರೆ ಏಜೆಂಟರು ಮಕ್ಕಳ ಓದು, ಮಗಳ ಮದುವೆ, ಚಹಾಕ್ಕೆ ಎಷ್ಟು ಸಕ್ಕರೆ ಎಂದು ಮಾತು ತೆಗೆಯುತ್ತಾರೆ. ಪ್ರೇಮಾಬಾಯಿ ನೀರು ಕುಡಿದು ಲೋಟ ಕೆಳಗಿಟ್ಟು ಕೇಳುತ್ತಾಳೆ:

“ನಿಮ್ಮ ಮನ್ಯಾಗ ಯಾರ್ಯಾರು ಹೋಗ್ಯಾರ್ರಿ? ಎಷ್ಟನೇ ವಯಸ್ಸಿನಾಗ? ಏತರಿಂದ?”

ಕೇಳಿಸಿಕೊಂಡವರು ಬೆಚ್ಚಿ ಬಾಯಿಗೆ ಬಂದದ್ದು ಹೇಳಿದರೆ, ಆಕೆ ಪೆನ್ನಿನ ಮುಚ್ಚಳ ತೆಗೆದು, “ಬರಕೊಳ್ಳಲೇನು?” ಎನ್ನುತ್ತಾಳೆ. ಆ ಮಾತಿಗೆ ಎಷ್ಟೋ ಜನ ಎದ್ದು ಹೋಗಿದ್ದಾರೆ. ಮುದುಕಿಯರು ಆಕೆಯ ಬೆನ್ನ ಹಿಂದೆ ಉಪ್ಪು ನಿವಾಳಿಸಿ ಚೆಲ್ಲುತ್ತಾರೆ. ಕನ್ನಡ ಅರ್ಧ ಮಾತ್ರ ಬರುವ ಇಲ್ಲಿನ ಮಕ್ಕಳಿಗೂ ಆಕೆಗಿಟ್ಟ ಅಡ್ಡಹೆಸರೊಂದು ಪೂರ್ತಿ ಬರುತ್ತದೆ: ಸಾವಿನಬಾಯಿ.

ನನ್ನ ಬಳಿ ಆಕೆ ಬಂದದ್ದು ವಿಮೆ ಮಾರಲಿಕ್ಕಲ್ಲ. ನಾನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು. ಉಳಿದ ಕನ್ನಡವನ್ನು ಅಚ್ಚುಮೊಳೆಗಳಿಂದ, ತಲೆಕೆಳಗಾಗಿ ಕಲಿತೆ, ಅದಕ್ಕಾಗಿ ಯಾವ ಮಾಸ್ತರನಿಗೂ ನಾನು ಕೈಮುಗಿಯಬೇಕಾದ್ದಿಲ್ಲ. ಮೂವತ್ತೆಂಟು ವರ್ಷ ಇದೇ ಊರಿನಲ್ಲಿ ಮುದ್ರಣಾಲಯ ನಡೆಸಿದೆ. ಬೀದರ, ಕಲಬುರಗಿಯಿಂದ ಬಂದ ವ್ಯಾಪಾರಸ್ಥರು, ವರ್ಗವಾಗಿ ಬಂದ ಬ್ಯಾಂಕಿನವರು, ಎಲ್ಲರ ಮನೆಯ ಕನ್ನಡ ಕಾರ್ಡುಗಳೂ ನನ್ನಲ್ಲೇ ಅಚ್ಚಾಗುತ್ತಿದ್ದವು. ಮದುವೆಯದು, ಗೃಹಪ್ರವೇಶದ್ದು, ಯಾರಾದರೂ ಲಿಂಗೈಕ್ಯರಾದರೆ ಶಿವಗಣಾರಾಧನೆಯದು. ಪ್ರತಿಯೊಂದರದೂ ಒಂದು ನಮೂನೆಯನ್ನು ತಂತಿಗೆ ಚುಚ್ಚಿ ಇಟ್ಟುಕೊಂಡಿದ್ದೆ. ಪ್ರೇಮಾಬಾಯಿ ಬಂದು, “ಕಾಕಾ, ಸತ್ತವರ ತಂತಿ ಯಾವುದ್ರಿ?” ಎಂದು ಕೇಳಿದಳು. ತೋರಿಸಿದೆ. ಹದಿನೆಂಟು ಮಧ್ಯಾಹ್ನ ನೆಲದ ಮೇಲೆ ಕೂತು, ಧೂಳು ಒರೆಸಿ, ಒಂದೊಂದೇ ಕಾರ್ಡು ಓದಿದಳು. ಹೆಸರು, ವಯಸ್ಸು, ಮಕ್ಕಳ ಹೆಸರು. ಓದುವಾಗ ಆಕೆಯ ತುಟಿ ಅಲ್ಲಾಡುತ್ತಿತ್ತು. ದೂರದಿಂದ ನೋಡಿದರೆ ಯಾರೊಂದಿಗೋ ಮಾತಾಡುತ್ತಿದ್ದಂತೆ.

ಕೊನೆಯ ದಿನ ಮೂರು ಕಾರ್ಡು ಬೇರೆ ತೆಗೆದು ನನ್ನ ಮುಂದಿಟ್ಟಳು. ಚಂದ್ರಾಮಪ್ಪ, ನಲವತ್ತೊಂಬತ್ತು. ಅವನ ತಮ್ಮ ಸಾಯಬಣ್ಣ, ನಲವತ್ತೆಂಟು. ಚಂದ್ರಾಮಪ್ಪನ ಹಿರಿಯ ಮಗ ಗುರುಲಿಂಗಪ್ಪ, ಐವತ್ತು. ಮೂರನ್ನೂ ನನ್ನ ಕೈಯಾರೆ ಜೋಡಿಸಿದ್ದೆ, ಆದರೆ ಮಗ್ಗುಲು ಮಗ್ಗುಲಲ್ಲಿ ಇಟ್ಟು ನೋಡಿರಲಿಲ್ಲ.

“ಏನಾಗಿತ್ರಿ ಇವರಿಗೆ?” ಎಂದಳು.

“ಮೂಲವ್ಯಾಧಿ. ಆ ಮನಿ ಗಂಡಸರಿಗೆ ಅದು ಇದ್ದದ್ದೇ.”

“ಮೂಲವ್ಯಾಧಿಯಿಂದ ಯಾರೂ ಸಾಯೂದಿಲ್ರಿ ಕಾಕಾ,” ಎಂದಳು ಪ್ರೇಮಾಬಾಯಿ, ಕಾರ್ಡುಗಳಿಂದ ಕಣ್ಣೆತ್ತದೆ. “ರಕ್ತ ಹೋಗ್ತದ, ಮೂಲವ್ಯಾಧಿ ಅಂತಾರ, ನಾಟಿ ಔಷಧ ಕುಡೀತಾರ. ಒಳಗ ದೊಡ್ಡ ಕರಳಿನಾಗ ಗಂಟು ಬೆಳೀತಿರ್ತದ. ನಾಕನೇದವ ಯಾರದಾನ್ರಿ ಆ ಮನ್ಯಾಗ?”

ನಾಲ್ಕನೆಯವನು ಚಂದ್ರಾಮಪ್ಪನ ಕಿರಿಯ ಮಗ ಶಿವಕಾಂತ. ನಲವತ್ತೇಳು ನಡೆಯುತ್ತಿತ್ತು. ಗುಲಮಂಡಿ ಪೇಟೆಯಲ್ಲಿ ಚಾದರದ ಅಂಗಡಿ; ನಾನು ದಿನಾ ಮಧ್ಯಾಹ್ನ ಹೋಗಿ ಕೂಡುವ ಅಂಗಡಿ.

ಆ ಹೆಸರು ಕೇಳಿದ್ದೇ ಪ್ರೇಮಾಬಾಯಿ ಕೋಟಿನ ಜೇಬುಗಳನ್ನು ತಡಕಿ ಹಳೆಯ ನೆರಳಚ್ಚು ಪ್ರತಿಯೊಂದನ್ನು ತೆಗೆದಳು. ಶಿವಕಾಂತನ ಪಾಲಿಸಿ ಆಕೆಯೇ ಮಾಡಿಸಿದ್ದು, ಏಜೆಂಟಾದ ಮೊದಲ ವರ್ಷದಲ್ಲಿ. ತಂದೆಯ ಸಾವಿನ ಕಾರಣ ಎಂಬಲ್ಲಿ ಆಕೆಯದೇ ದುಂಡಗಿನ ಅಕ್ಷರದಲ್ಲಿ ‘ವೃದ್ಧಾಪ್ಯ’ ಎಂದಿತ್ತು. ನಲವತ್ತೊಂಬತ್ತರ ವೃದ್ಧಾಪ್ಯ. ಮನೆಯವರು ಹೇಳಿದ್ದರು, ಈಕೆ ಬರೆದಿದ್ದಳು. ಅಂದು ಆಕೆ ಆ ಹಾಳೆಯನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದಳೆಂದರೆ, ಕೊನೆಗೆ ನಾನೇ ಎದ್ದು ಹೋಗಿ ನೀರು ತಂದುಕೊಟ್ಟೆ.

ಮರುದಿನ ಅಂಗಡಿಯಲ್ಲಿ ಬೆಳಕು ಕಡಿಮೆಯಾಯಿತು. ಶಿವಕಾಂತ ತಲೆಯೆತ್ತಿ, ಕೂಡಲೇ ತನ್ನ ಬೆಲ್ಟನ್ನು ಕೈಯಿಂದ ಮುಚ್ಚಿಕೊಂಡ.

“ಮುಚ್ಚಬ್ಯಾಡ್ರಿ,” ಎಂದಳು ಆಕೆ. “ನಿಮ್ಮದು ಮೂರನೇ ತೂತಿನಾಗಽ ಅದ. ಅದಕ್ಕಽ ನನಗ ಅಂಜಿಕಿ. ಈ ರೋಗ ಬೆಲ್ಟಿಗೆ ಬರೂದ್ರಾಗ ಹೊತ್ತು ಮೀರಿರ್ತದ. ಕರಳಿನೊಳಗ ಕ್ಯಾಮರಾ ಬಿಟ್ಟು ನೋಡ್ತಾರ, ಒಂದು ದಿನದ ಕೆಲಸ. ನೋಡ್ಸಿಬಿಡ್ರಿ.”

“ನನಗ ಏನಾಗ್ಯಾದ ಅಕ್ಕಾರ? ಕಲ್ಲು ತಿಂದು ಕರಗಸ್ತೀನಿ.”

“ನಿಮ್ಮ ಅಣ್ಣನೂ ಹಂಗಽ ಅಂತಿದ್ರು.”

ಶಿವಕಾಂತ ಮಾತು ತಿರುಗಿಸಿದ. “ಹೋಗ್ಲಿ, ಪಾಲಿಸಿಯಿಂದ ರೊಕ್ಕ ಬರ್ತದೇನು ಇದಕ್ಕ?”

“ಒಳಗ ಏನಾರ ಸಿಕ್ಕು, ಅದನ್ನ ತಗದ್ರ ಬರ್ತದ. ಏನೂ ಸಿಗಲಿಲ್ಲಂದ್ರ ಬರೂದಿಲ್ಲ. ಬರೇ ನೋಡೂದಕ್ಕ ಈ ಪಾಲಿಸಿ ಕೊಡೂದಿಲ್ರಿ.”

“ಅಂದ್ರ ರೊಕ್ಕ ಬರ್ಲಿ ಅಂತ ರೋಗ ಬೇಡ್ಕೋಬೇಕೇನ್ರಿ? ಭಲೇ ಪಾಲಿಸಿ ಮಾರೀರಿ!” ಎಂದು ಅವನು ನಕ್ಕ. ನಾನೂ ನಕ್ಕೆ. ಆಕೆ ನಗಲಿಲ್ಲ.

ಆಕೆ ಮಾಡಿದ್ದು ಯಾವ ಏಜೆಂಟನೂ ಮಾಡದ ಕೆಲಸ. ಹನ್ನೆರಡು ವರ್ಷದ ಹಿಂದೆ ತಾನು ಬರೆದದ್ದು ಸುಳ್ಳೆಂದು ತಾನೇ ಕಂಪನಿಗೆ ಕಾಗದ ಬರೆದಳು. ಈ ಮನೆಯಲ್ಲಿ ಮೂವರು ಹೀಗೆ ಹೋಗಿದ್ದಾರೆ, ನಾಲ್ಕನೆಯವನಿಗೆ ಈಗಲೇ ಕರುಳು ನೋಡಿಸಬೇಕು, ಅದಕ್ಕೆ ಒಪ್ಪಿಗೆ ಕೊಡಿರಿ ಎಂದು ಕೇಳಿದಳು. ಒಪ್ಪಿಗೆ ಬಂದರೆ ನೋಡಿಸುತ್ತೇನೆಂದು ಶಿವಕಾಂತನೂ ಮಾತು ಕೊಟ್ಟ. ಅಷ್ಟರಲ್ಲಿ ಅವನಿಗೆ ನಲವತ್ತೆಂಟು ತುಂಬಿತು. ಆ ಮನೆಯಲ್ಲಿ ನಲವತ್ತೆಂಟು ತುಂಬಿದ ಗಂಡಸಿನ ಅಂಗಿ ಹೂಳುತ್ತಾರೆ.

ಇದು ನಮ್ಮ ಜನರ ಪದ್ಧತಿಯಲ್ಲ, ಆ ಒಂದೇ ಮನೆಯದು. ಅವರ ಮುತ್ತಾತ ಮನೆ ಕಟ್ಟುವಾಗ ಖುಲ್ತಾಬಾದ್ ದಾರಿಯ ಹಾಳುಬಿದ್ದ ಗೋರಿಯೊಂದರ ಕಲ್ಲು ತಂದು ಹೊಸ್ತಿಲಿಗೆ ಹಾಕಿದನಂತೆ. ಅಂದಿನಿಂದ ಆ ಹೊಸ್ತಿಲು ದಾಟುವ ಗಂಡಸರು ಐವತ್ತು ದಾಟುವುದಿಲ್ಲವಂತೆ. ಸಾವು ಹುಡುಕಿಕೊಂಡು ಬಂದಾಗ ‘ಅವನು ಆಗಲೇ ಹೋದ’ ಎಂದು ಹೇಳಿ ತಿರುಗಿ ಕಳಿಸುವ ಉಪಾಯ ಈ ಅಂಗಿಯದು. ಚಂದ್ರಾಮಪ್ಪನದನ್ನು ಹೂತಿದ್ದರು, ಸಾಯಬಣ್ಣನದನ್ನು ಹೂತಿದ್ದರು, ಗುರುಲಿಂಗಪ್ಪನದನ್ನೂ ಹೂತಿದ್ದರು. ಮೂವರೂ ಸತ್ತಾಗ, ವಿಧಿಯಲ್ಲಿ ಏನೋ ತಪ್ಪಾಗಿರಬೇಕೆಂದು ಮನೆಯವರು ತಿಳಿದರೇ ಹೊರತು ವಿಧಿಯೇ ಸುಳ್ಳೆಂದು ತಿಳಿಯಲಿಲ್ಲ.

ಹಿರಿಯನೆಂದು ನನ್ನನ್ನೂ ಕರೆದಿದ್ದರು. ಊರ ಹೊರಗೆ ಅವರದೊಂದು ತುಂಡು ಹೊಲ, ನಡುವೆ ಬೇವಿನ ಮರ, ನೆತ್ತಿಯ ಮೇಲೆ ಬಿಸಿಲು. ನಮ್ಮಲ್ಲಿ ಹೆಣವನ್ನು ಕೂಡಿಸಿ ಮಣ್ಣು ಮಾಡುವಂತೆ ಕುಣಿ ತೋಡಿ ಗೂಡು ಕೊರೆದಿದ್ದರು. ಶಿವಕಾಂತ ಹಿಂದಿನ ದಿನ ತೊಟ್ಟು ಬೆವರಿದ ಬಿಳಿ ಅಂಗಿಯ ಗುಂಡಿಗಳನ್ನು ಕೊರಳವರೆಗೆ ಹಾಕಿ, ಒಳಗೆ ಬಿಲ್ವಪತ್ರೆ ತುಂಬಿ, ಎರಡೂ ತೋಳು ಮಡಿಲಲ್ಲಿ ಬರುವಂತೆ ಗೂಡಿನಲ್ಲಿ ಕೂಡಿಸಿದರು. ತಲೆಯಿಲ್ಲದ ಕಾಲರು ನಮ್ಮ ಕಡೆ ನೋಡುತ್ತ ಕೂತಿತು. ವಿಭೂತಿ ಎರಚಿದಾಗ ಗಾಳಿಯೇ ಇರಲಿಲ್ಲ, ಆದರೂ ಬಲ ತೋಳು ಜಾರಿ ಕೆಳಗೆ ಬಿತ್ತು. ಅವನ ತಾಯಿ ಭುವನೇಶ್ವರಿ ಕುಣಿಯೊಳಗೆ ಬಾಗಿ, ಮಗುವಿನ ಕೈ ಸರಿಪಡಿಸುವಂತೆ ಅದನ್ನೆತ್ತಿ ಮಡಿಲಿಗೆ ಇಟ್ಟಳು. ಶಿವಕಾಂತ ನೋಡಕೂಡದೆಂದು ನಿಯಮ. ಅವನು ಬೇವಿನ ಮರದ ಹಿಂದೆ ನಿಂತಿದ್ದ, ನೋಡುತ್ತಿದ್ದ, ಮಣ್ಣು ಬೀಳುವ ಒಂದೊಂದು ಸದ್ದಿಗೂ ಅವನ ಎದೆ ಒಳಕ್ಕೆ ಸರಿಯುತ್ತಿದ್ದುದನ್ನು ನಾನು ಕಂಡೆ.

ಆಮೇಲೆ ನಲವತ್ತು ದಿನ ಮನೆಯಲ್ಲಿ ಯಾರೂ ಅವನ ಹೆಸರು ಹಿಡಿದು ಕರೆಯುವಂತಿಲ್ಲ. ಎಲ್ಲರ ಊಟವಾದ ಮೇಲೆ, ಏನು ಬೇಕೆಂದು ಕೇಳದೆ, ಮೂಲೆಯಲ್ಲಿ ಅವನ ತಾಟು ಇಡುತ್ತಾರೆ. ಅಂಗಡಿಗೆ ಹೋಗಬಹುದು, ಗಾದಿಯ ಮೇಲೆ ಕೂಡುವಂತಿಲ್ಲ. ಯಾರೇ ಕೇಳಿದರೂ ‘ಹೋದರು’ ಎಂದೇ ಹೇಳಬೇಕು. ಹೆಂಡತಿ ಮಾತ್ರ ಕುಂಕುಮ ಅಳಿಸಬೇಕಿಲ್ಲ. ಅಷ್ಟು ಸುಳ್ಳು ಬೇಡವೆಂದು ಅತ್ತೆಯರ ಕಾಲದಿಂದ ನಡೆದುಬಂದ ರಿಯಾಯಿತಿ.

ಹನ್ನೆರಡನೆಯ ದಿನ ಕಂಪನಿಯಿಂದ ಫೋನು ಬಂತು. ಪ್ರೇಮಾಬಾಯಿಯ ಕಾಗದ ನೋಡಿ ವಿಚಾರಿಸಲು ಮಾಡಿದ ಫೋನು. ಭುವನೇಶ್ವರಿ ಎತ್ತಿಕೊಂಡಳು. ಶಿವಕಾಂತ ಅವರು ಇದ್ದಾರೆಯೇ ಎಂದು ಆ ಕಡೆಯ ಹುಡುಗಿ ಹಿಂದಿಯಲ್ಲಿ ಕೇಳಿದಳು.

“ವೋ ನಹೀ ರಹೇ, ಬೇಟಿ,” ಎಂದಳು ಮುದುಕಿ, ಅವರು ಹೋದರು ಮಗಳೇ ಎಂದು.

ಯಾವಾಗ ಹೋದರು ಎಂದು ಹುಡುಗಿ ಕೇಳಿದಳು. ಹನ್ನೆರಡು ದಿನವಾಯಿತು ಎಂದು ಮುದುಕಿ ಹೇಳಿದಳು. ಏನಾಗಿತ್ತು ಎಂದಳು ಹುಡುಗಿ. ಅವರಪ್ಪನಿಗೆ ಆದದ್ದೇ, ಎಂದಳು ಮುದುಕಿ. ಹೇಳುತ್ತ ಹೇಳುತ್ತ ಮುದುಕಿಗೆ ನಿಜವಾಗಿ ಅಳು ಬಂತಂತೆ. ಮೂರು ಸಲ ಹೇಳಿ ರೂಢಿಯಾದ ಮಾತು. ಮಗ ಪಕ್ಕದ ಕೋಣೆಯಲ್ಲಿ ಊಟ ಮಾಡುತ್ತ ಇದನ್ನೆಲ್ಲ ಕೇಳಿಸಿಕೊಂಡ.

ಪಾಲಿಸಿ ನವೀಕರಿಸುವ ತಿಂಗಳು ಅದೇ ಆಗಿತ್ತು. ಇಪ್ಪತ್ತನೆಯ ದಿನ ಕಾಗದ ಬಂತು: ಶಿವಕಾಂತ ಅವರ ನಿಧನಕ್ಕೆ ಕಂಪನಿ ವಿಷಾದಿಸುತ್ತದೆ, ಅವರ ಹೆಸರನ್ನು ಪಾಲಿಸಿಯಿಂದ ತೆಗೆಯಲಾಗಿದೆ, ಮರಣದ ದಾಖಲೆಯನ್ನು ಬೇಗ ಕಳಿಸಿರಿ.

ಶಿವಕಾಂತ ಆ ಕಾಗದವನ್ನು ಲ್ಯಾಮಿನೇಷನ್ ಮಾಡಿಸಿದ. ಅಂಗಡಿಯಲ್ಲಿ ಅಪ್ಪನ, ಅಣ್ಣನ ಫೋಟೋಗಳ ಪಕ್ಕದಲ್ಲಿ ತೂಗುಹಾಕಿದ. ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

“ನೋಡ್ರಿ ಕಾಕಾ, ಅಣ್ಣಂದೂ ಅಂಗಿ ಹೂಳಿದ್ವಿ, ಆದ್ರ ಕಾಗದ ಬಂದಿರಲಿಲ್ಲ. ನನಗ ಬಂದದ. ಇಲ್ಲಿ ಬರದದ್ದು ಮ್ಯಾಲೂ ಬರದಿರ್ತಾರ. ನನ್ನ ಲೆಕ್ಕ ಮುಗೀತು.”

ಇನ್ನು ಪರೀಕ್ಷೆ ಯಾತಕ್ಕೆ? ಸತ್ತವನಿಗೆ ಏನು ನೋಡುವುದಿದೆ? ಗಾದಿಯ ಹಿಂದೆ ಚಾದರದ ಗಂಟುಗಳ ನಡುವೆ ಮಬ್ಬಿನಲ್ಲಿ ಕೂತಿರುತ್ತಿದ್ದ. ದಿನ ಕಳೆದಂತೆ ತನ್ನ ಬಗ್ಗೆ ತಾನೇ ಬೇರೆಯವನಂತೆ ಮಾತಾಡತೊಡಗಿದ. “ಶಿವಕಾಂತ ಇದ್ದಾಗ ಚಾದರ ಹಿಂಗ ಮಡಚ್ತಿರಲಿಲ್ಲ.” “ಶಿವಕಾಂತಗ ಈ ಹಸರು ಬಣ್ಣ ಸೇರ್ತಿರಲಿಲ್ಲ.” ದನಿ ತೆಳ್ಳಗಾಗಿತ್ತು, ಬಾವಿಯ ತಳದಿಂದ ಬಂದಂತೆ. ಗಿರಾಕಿಯೊಬ್ಬ ಅವನನ್ನು ನೇರ ನೋಡುತ್ತಲೇ ನನ್ನತ್ತ ತಿರುಗಿ, “ಅಂಗಡಿಯಾಗ ಯಾರೂ ಇಲ್ಲೇನ್ರಿ?” ಎಂದು ಕೇಳಿದ್ದುಂಟು. ಮಧ್ಯಾಹ್ನದ ಹೊತ್ತು, ನೂರು ಜನ ಓಡಾಡುವ ಬೀದಿ, ಆದರೂ ನನ್ನ ಕೈಮೇಲಿನ ಕೂದಲು ನೆಟ್ಟಗಾದವು.

ಪ್ರೇಮಾಬಾಯಿ ದಿನಾ ಬಂದಳು. ಎದುರಿಗೆ ಕೂತು ಕೋಟಿನ ಅಂಚು ತೀಡುತ್ತ ಹೇಳಿದ್ದನ್ನೇ ಹೇಳಿದಳು. “ಕಂಪನಿ ತಪ್ಪು ಬರದದ. ನಾ ತಿದ್ದಸ್ತೀನಿ. ನೀವು ದವಾಖಾನಿಗೆ ನಡೀರಿ.”

“ತಿದ್ದಸಬ್ಯಾಡ್ರಿ!” ಎಂದು ಅವನು ಕೈಮುಗಿದು ಬೇಡಿಕೊಂಡ. “ನಿಮ್ಮ ಕಾಲು ಹಿಡೀತೀನಿ ಅಕ್ಕಾರ. ನೀವು ತಿದ್ದಿಸಿದ್ರ ಅದು ತಿರುಗಿ ಬರ್ತದ.”

ಮೂವತ್ತೊಂದನೆಯ ದಿನ ಆಕೆ ಅಂಗಡಿಗೆ ಬರಲಿಲ್ಲ. ನನ್ನನ್ನು ಕರೆದುಕೊಂಡು ಮನೆಗೆ, ಭುವನೇಶ್ವರಿಯ ಬಳಿ ಹೋದಳು. ಹೊಸ್ತಿಲ ಕಲ್ಲನ್ನು ದಾಟಿ ಒಳಗೆ ಕೂತು, ಜೇಬಿನಿಂದ ಮೂರು ಕಾರ್ಡು ತೆಗೆದು ನೆಲದ ಮೇಲೆ ಇಟ್ಟಳು. ಗಂಡ, ಮೈದುನ, ಮಗ. ಮುದುಕಿ ಮುಖ ತಿರುಗಿಸಿದಳು. ಪ್ರೇಮಾಬಾಯಿ ನಾಲ್ಕನೆಯ ಕಾರ್ಡು ಇಟ್ಟಳು.

ಅದು ಗಂಗಾಪುರದ ಮನೆಯೊಂದರ ಹೆಸರಿನಲ್ಲಿ ಅಚ್ಚಾದ ಕಾರ್ಡು, ಒಬ್ಬ ಹೆಂಗಸಿನದು, ವಯಸ್ಸು ನಲವತ್ತಾರು. ಅದನ್ನೂ ನಾನೇ ಜೋಡಿಸಿದ್ದೆ. ಕೆಳಗೆ ತವರಿನವರ ಹೆಸರಿದ್ದರೂ, ಮನೆತನದ ಹೆಸರು ಬೇರೆಯಾದ್ದರಿಂದ ಅವಳು ಚಂದ್ರಾಮಪ್ಪನ ಒಡಹುಟ್ಟಿದ ತಂಗಿಯೆಂದು ನನಗೆ ಹೊಳೆದಿರಲಿಲ್ಲ. ಓದು ಬಲ್ಲೆನೆಂಬ ನನ್ನ ಹೆಮ್ಮೆ ಅವತ್ತು ಅಲ್ಲೇ ತಗ್ಗಿತು.

“ಇಕಿನ್ಯಾಕ ಇಡ್ತೀ?” ಎಂದು ಮುದುಕಿ ಸಿಡುಕಿದಳು. “ಇಕಿ ನನ್ನ ನಾದಿನಿ. ಹೆಣ್ಣು. ಕೊಟ್ಟ ಮನಿಯಾಗ ಸತ್ತಾಕಿ.”

“ಏತರಿಂದ ಸತ್ರು, ಅವ್ವಾರ?”

ಮುದುಕಿ ನಾಲ್ಕನೆಯ ಕಾರ್ಡನ್ನು ಎತ್ತಿಕೊಂಡು ಕಣ್ಣ ಹತ್ತಿರ ಹಿಡಿದಳು.

“ರಕ್ತ ಹೋಗ್ತಿತ್ತು,” ಎಂದಳು ಕೊನೆಗೆ. “ಕಡ್ಡಿ ಆಗಿದ್ದಳು.”

“ಕಾಟ ಈ ಹೊಸ್ತಿಲಿಂದು, ಈ ಮನೀ ಗಂಡಸರದು ಅಂತೀರಿ. ಆಕಿ ಈ ಹೊಸ್ತಿಲು ಬಿಟ್ಟು ಇಪ್ಪತ್ತೈದು ವರ್ಷ ಆಗಿತ್ತಲ್ರಿ. ಗಂಗಾಪುರ ತನಕ ಆಕಿನ್ನ ಹುಡುಕ್ಕೊಂಡು ಹೋಗಿದ್ದು ಯಾವುದ್ರಿ? ಕಲ್ಲು ಹೋಗಿತ್ತೇನು?” ಪ್ರೇಮಾಬಾಯಿಯ ದನಿ ಏರಲಿಲ್ಲ. “ಅದು ರಕ್ತದಾಗ ಅದ ಅವ್ವಾರ. ನಿಮ್ಮ ಮಗ ಅದನ್ನ ಒಳಗ ಇಟ್ಕೊಂಡು ಕುಂತಾನ.”

ಭುವನೇಶ್ವರಿ ಎದ್ದಳು. ಚಪ್ಪಲಿ ಮೆಟ್ಟಲಿಲ್ಲ. ಮೊಣಕಾಲು ನೋವಿನಿಂದ ವರ್ಷದಿಂದ ಮನೆ ಬಿಟ್ಟು ಹೊರಗೆ ಬಾರದ ಮುದುಕಿ ಗುಲಮಂಡಿಯ ಜನದ ನಡುವೆ ಗೋಡೆ ಹಿಡಿಯುತ್ತ ನಡೆದಳು, ನಾವಿಬ್ಬರೂ ಹಿಂದೆ. ಅಂಗಡಿಯ ಮುಂದೆ ನಿಂತು, ಒಳಗಿನ ಮಬ್ಬಿಗೆ ಕಣ್ಣು ಕಿರಿದು ಮಾಡಿ, ಬೀದಿಗೆಲ್ಲ ಕೇಳುವಂತೆ ಕೂಗಿದಳು:

“ಶಿವಕಾಂತಾ!”

ಚಾದರದ ಗಂಟುಗಳ ನಡುವೆ ಅವನು ಕಿವಿ ಮುಚ್ಚಿಕೊಂಡ. ನಲವತ್ತಕ್ಕೆ ಇನ್ನೂ ಒಂಬತ್ತು ದಿನ ಇದ್ದವು.

“ಶಿವಕಾಂತಾ, ಏಳೋ! ನಾ ಹಡದವಳು ಕರೀಲಾಕತ್ತೀನಿ. ಯಾವುದಕ್ಕ ಕೇಳಸ್ತದೋ ಕೇಳಿಸ್ಲಿ. ಏಳು!”

ಅವನು ಎದ್ದ. ಮಣ್ಣಿನೊಳಗಿಂದ ಏಳುವವನಂತೆ ಕೈಯೂರಿ ನಿಧಾನವಾಗಿ ಎದ್ದ.

ಮೂರನೆಯ ದಿನ ಆಸ್ಪತ್ರೆಯಲ್ಲಿ ನೋಡಿದರು. ಕೊರಳಿನ ಲಿಂಗ ತೆಗೆದಿಡಲು ನರ್ಸು ಹೇಳಿದಾಗ ಅವನು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದ. ಪ್ರೇಮಾಬಾಯಿ ಡಾಕ್ಟರರನ್ನು ಕೇಳಿ ಅದನ್ನು ಅವನ ತೋಳಿಗೆ ಕಟ್ಟಿಸಿದಳು. ಕರುಳಿನಲ್ಲಿ ನಾಲ್ಕು ಗಂಟು ಇದ್ದವು. ಮೂರನ್ನು ಅಲ್ಲಿಯೇ ಕಿತ್ತರು. ನಾಲ್ಕನೆಯದು ಕೆಡಲು ತೊಡಗಿತ್ತು. ಹದಿನೈದು ದಿನ ಬಿಟ್ಟು ಕರುಳಿನ ಒಂದು ಗೇಣು ಕತ್ತರಿಸಿದರು. ವರ್ಷ ತಡವಾಗಿದ್ದರೆ ಬಂದೂ ಉಪಯೋಗವಿರಲಿಲ್ಲ ಎಂದರು ಡಾಕ್ಟರು.

ಆ ಹದಿನೈದು ದಿನ ಪ್ರೇಮಾಬಾಯಿ ಒಬ್ಬ ಬದುಕಿದವನನ್ನು ಬದುಕಿದ್ದಾನೆಂದು ಸಾಧಿಸುತ್ತ ಕಚೇರಿಯಿಂದ ಕಚೇರಿಗೆ ಅಲೆದಳು. ಅವತ್ತಿನ ಪತ್ರಿಕೆಯನ್ನು ಅವನ ಎದೆಗೆ ಹಿಡಿಸಿ ಫೋಟೋ ತೆಗೆಸಿದಳು, ಜೀವಂತವಿದ್ದಾನೆಂಬ ಹಯಾತಿ ದಾಖಲೆ ಮಾಡಿಸಿದಳು. ಹೆಸರು ಮತ್ತೆ ಸೇರಿತು. ಕತ್ತರಿಸಿದ್ದಕ್ಕೆ ಕಂಪನಿ ಹಣ ಕೊಟ್ಟಿತು.

ಎರಡು ವರ್ಷ ದಾಟಿವೆ. ಶಿವಕಾಂತನಿಗೆ ಐವತ್ತು ತುಂಬಿ ಐವತ್ತೊಂದು ನಡೆದಿದೆ. ಮನೆಯಲ್ಲಿ ದೊಡ್ಡ ದಾಸೋಹ ಮಾಡಿದರು. ಬಂದವರಿಗೆಲ್ಲ ಬಡಿಸುತ್ತ, “ಈ ಸಲ ಅಂಗಿ ಕೆಲಸ ಮಾಡ್ತು ನೋಡ್ರಿ,” ಎಂದು ಅವನ ಚಿಕ್ಕಮ್ಮ ಹೇಳುತ್ತಿದ್ದಳು. ಪ್ರೇಮಾಬಾಯಿಯನ್ನು ಕರೆದಿರಲಿಲ್ಲ. ಶುಭದ ದಿನ ಆಕೆ ಯಾಕೆ ಎಂದರು.

ಅದೇ ದಿನ ಆಕೆ ನಾಸಿಕಕ್ಕೆ ಹೊರಟಿದ್ದಳು. ಶಿವಕಾಂತನ ತಂಗಿ ಪ್ರಿಯಾ ಅಲ್ಲಿ ದೇವಳಾಲಿ ಕ್ಯಾಂಪಿನಲ್ಲಿದ್ದಾಳೆ. ಗಂಡ ಕೇಂದ್ರ ಸರ್ಕಾರದ ಗುಮಾಸ್ತ. ಅವಳಿಗೆ ನಲವತ್ತೆರಡು. ಚಿಕ್ಕಂದಿನಿಂದ ನನ್ನನ್ನು ಬಲ್ಲವಳಾದ್ದರಿಂದ ದಾಸೋಹದ ಊಟ ಬಿಟ್ಟು ನಾನೂ ಜೊತೆಗೆ ಹೋದೆ. ಬಾಗಿಲು ತೆರೆದ ಪ್ರಿಯಾಳ ಮಗಳು ಕೋಟನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದು, “ಆಯೀ, ತೀ ಆಲೀ!” ಎಂದು ಮರಾಠಿಯಲ್ಲಿ ಚೀರಿದಳು. ಅವಳು ಬಂದಳು ಎಂದಷ್ಟೇ. ಯಾರು ಎಂದು ಹೇಳುವುದು ಬೇಕಿರಲಿಲ್ಲ.

ಪ್ರಿಯಾ ಒಳಗೆ ಕರೆಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಬಳೆ ಜಾರಿ ಮೊಣಕೈಯ ಹತ್ತಿರ ಹೋಯಿತು. ಪ್ರೇಮಾಬಾಯಿಯ ಕಣ್ಣು ಬಳೆಯ ಜೊತೆಗೇ ಹೋದದ್ದನ್ನು ನಾನು ನೋಡಿದೆ.

“ಅಣ್ಣ ಉಳದಾನಲ್ರಿ. ಈಗ ನನ್ನ ಹಿಂದ ಯಾಕ ಬಿದ್ದೀರಿ? ಅಂಗಿ ಹೂಳಿ ಉಳದಾನ ಅಂತ ಮನ್ಯಾಗ ಎಲ್ಲಾರೂ ಅಂತಾರ.”

“ಅಂತಾರ, ಖರೆ,” ಎಂದಳು ಪ್ರೇಮಾಬಾಯಿ. “ಆದ್ರ ಸೀರಿ ಹೂಳೂ ಪದ್ಧತಿ ನಿಮ್ಮ ಮನ್ಯಾಗ ಇಲ್ಲಲ್ಲ, ತಾಯಿ.”

ಪ್ರಿಯಾ ಜಾರಿದ ಬಳೆಯನ್ನು ಮಣಿಕಟ್ಟಿಗೆ ಎಳೆದುಕೊಂಡಳು. ಆಮೇಲೆ ಬಾಗಿಲಿನಿಂದ ಸರಿದು ನಿಂತು, “ಒಳಗ ಬರ್ರಿ. ಎರಡು ತಿಂಗಳಾತು, ಯಾರಿಗೂ ಹೇಳಿಲ್ಲ,” ಎಂದಳು.

ಹಾವು ಕಚ್ಚಿದವನ ವಿಷ ಇಳಿಸಿದವನನ್ನು ನಮ್ಮ ಜನ ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಹಿತ್ತಲಲ್ಲಿ ಹುತ್ತ ಇದೆ ಎಂದವನನ್ನು ನಾಲಿಗೆ ಕೆಟ್ಟವನೆಂದು ಬೈದು ಅಟ್ಟುತ್ತಾರೆ. ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ನೋಡಲೊಲ್ಲೆವೆಂದು ನಾವೆಲ್ಲ ಬೆನ್ನು ತಿರುಗಿಸಿದ ಕಡೆಗೆ ಅವರು ಮುಖ ಮಾಡಿ ನಿಂತಿರುತ್ತಾರೆ. ಹಾಗೆ ನಿಂತು ನಿಂತು ಅವರ ಮುಖಕ್ಕೂ ಆ ಕಡೆಯ ಬಣ್ಣವೇ ಹತ್ತಿ, ಅವರನ್ನು ಕಂಡರೆ ನಮಗೆ ಭಯವಾಗುತ್ತದೆ. ಅವರು ಉಳಿಸಿದ್ದಕ್ಕೆ ಸಾಕ್ಷಿಯಿಲ್ಲ. ಬಂದುಹೋದ ಸಾವಿಗೆ ವರ್ಷವರ್ಷವೂ ಎಡೆ ಇಡುತ್ತೇವೆ. ಬಾರದೆ ಹೋದ ಸಾವು ಯಾವ ದಾರಿಯಿಂದ ತಿರುಗಿ ಹೋಯಿತೆಂದು ಯಾರೂ ಎದ್ದು ನೋಡುವುದಿಲ್ಲ.